ಬಾಲವಿಲ್ಲದ ಗಂಟು

ನಮ್ಮ ಮನೆಯಲ್ಲಿ ಗಂಡಸರು ಬಾವಿಯ ಹಗ್ಗ ಮುಟ್ಟುತ್ತಿರಲಿಲ್ಲ, ಸೌದೆ ಒಡೆಯುತ್ತಿರಲಿಲ್ಲ, ಕಲ್ಲು ಮಣ್ಣು ಹೊರುತ್ತಿರಲಿಲ್ಲ. ಇದನ್ನು ಕೇಳಿ ನಾವು ಯಾವುದೋ ಪಾಳೆಯಗಾರರ ವಂಶದವರೆಂದು ಯಾರೂ ತಿಳಿಯಬೇಕಾಗಿಲ್ಲ. ಮೊಳಕಾಲ್ಮೂರಿನ ಒಂದು ಸಂದಿಯಲ್ಲಿ ಒಂದೇ ಮಗ್ಗವನ್ನು ನಂಬಿ ಬದುಕುತ್ತಿದ್ದ ನೇಕಾರರ ಮನೆ ನಮ್ಮದು. ಅಂಗೈ ಒರಟಾದರೆ ರೇಷ್ಮೆಯ ಎಳೆ ಅದಕ್ಕೆ ಸಿಕ್ಕಿ ಜುಂಗು ಏಳುತ್ತದೆ. ಜುಂಗು ಎದ್ದ ಕಡೆ ಸೀರೆ ಮಂಕಾಗುತ್ತದೆ. ಕೊಳ್ಳಲು ಬಂದ ಸಾಹುಕಾರರ ಕಣ್ಣು ಮೊದಲು ಹೋಗುವುದು ಅಲ್ಲಿಗೇ. ಆದ್ದರಿಂದ ಅಪ್ಪ, ಅಪ್ಪನಿಗೆ ರೇಷ್ಮೆ ಸುತ್ತಿಕೊಡುತ್ತಿದ್ದ ಅಕ್ಕ, ಶಾಲೆ ಬಿಟ್ಟ ಮೇಲೆ ಮಗ್ಗಕ್ಕೆ ಕೂರುತ್ತಿದ್ದ ನಾನು, ಮೂವರೂ ದಿನಾ ಸಂಜೆ ಅಂಗೈಗೆ ಹರಳೆಣ್ಣೆ ತಿಕ್ಕಿಕೊಳ್ಳುತ್ತಿದ್ದೆವು. ನೀರು ಸೇದುವುದು, ಸೌದೆ ಸೀಳುವುದು, ಬೀಸುವುದು, ಕುಟ್ಟುವುದು ಎಲ್ಲ ಅವ್ವನ ಪಾಲಿಗೆ. ಆ ಮನೆಯಲ್ಲಿ ಒರಟು ಕೈ ಇದ್ದದ್ದು ಅವ್ವನೊಬ್ಬಳಿಗೇ.

ನನಗೆ ಹದಿಮೂರು ತುಂಬಿದ ವರ್ಷ ಅಕ್ಕನ ಮದುವೆ ಗೊತ್ತಾಯಿತು. ಜರ್ಮನಿಯ ಯುದ್ಧ ಮುಗಿದು ಎರಡು ಮೂರು ವರ್ಷ ಆಗಿದ್ದಿರಬೇಕು. ಅಕ್ಕ ನನಗಿಂತ ಮೂರು ವರ್ಷ ದೊಡ್ಡವಳು. ನಮ್ಮ ಮನೆತನದಲ್ಲಿ ಮದುವಣಗಿತ್ತಿಯ ಧಾರೆ ಸೀರೆಯನ್ನು ಅವಳ ಅಣ್ಣನೋ ತಮ್ಮನೋ ನೇಯಬೇಕು. ಅಪ್ಪ ಹಾಗೆಯೇ ತನ್ನ ತಂಗಿಗೆ ನೇಯ್ದಿದ್ದ. ಆ ಸೀರೆಯ ಮಾತು ಬಂದಾಗಲೆಲ್ಲ ಅವನ ಬೆನ್ನು ನೆಟ್ಟಗಾಗುತ್ತಿತ್ತು. ಅಕ್ಕನಿಗಿದ್ದ ತಮ್ಮ ನಾನೊಬ್ಬನೇ. ಅದೂ ಅಲ್ಲದೆ ಆ ವರ್ಷ ಅಪ್ಪನ ಕಣ್ಣು ಮಬ್ಬಾಗತೊಡಗಿತ್ತು. ಸೀರೆಯ ಒಡಲನ್ನು ನೇಯುತ್ತಿದ್ದ, ಆದರೆ ಅಂಚಿನಲ್ಲಿ ಒಂದು ಎಳೆ ಕಡಿದರೆ ಹುಡುಕಲು ಅವನಿಂದ ಆಗುತ್ತಿರಲಿಲ್ಲ. ಅಂಚೆಲ್ಲ ನನ್ನ ಕೆಲಸವಾಗಿತ್ತು. ಫಾಲ್ಗುಣದಲ್ಲಿ ಮದುವೆ, ಸಂಕ್ರಾಂತಿ ಕಳೆದ ಕೂಡಲೇ ಮಗ್ಗಕ್ಕೆ ಉದ್ದನೆಯ ಎಳೆಗಳ ಹಾಸು ಏರಿಸುವುದು, ಸೀರೆ ಪೂರ್ತಿ ನನ್ನದೇ ಕೈಯಲ್ಲಿ ಮುಗಿಯುವುದು ಎಂದು ಮಾತಾಗಿತ್ತು. ನಾನು ಅದಕ್ಕಾಗಿ ಹಂಬಲಿಸುತ್ತಿದ್ದೆ. ನೇಯ್ಗೆ ನನಗೆ ಬರುತ್ತಿತ್ತು, ಬರುತ್ತದೆಂಬ ಜಂಬವೂ ಇತ್ತು.

ಅಷ್ಟರಲ್ಲಿ ನಮ್ಮ ಶಾಲೆಯ ಡ್ರಿಲ್ ಮೇಷ್ಟ್ರು ಬೆಂಗಳೂರಿಗೆ ಹೋಗಿ ಒಂದು ತಿಂಗಳು ಸ್ಕೌಟ್ ತರಬೇತಿ ಪಡೆದು ಬಂದರು. ಹೋಗುವಾಗ ಪಂಚೆ ಉಟ್ಟಿದ್ದವರು ಬರುವಾಗ ಮೊಣಕಾಲಿನವರೆಗೆ ಚಡ್ಡಿ ಹಾಕಿದ್ದರು, ಕೊರಳಲ್ಲಿ ಸೀಟಿ, ಹೆಗಲಲ್ಲಿ ಹಗ್ಗದ ಸುರುಳಿ. ಊರು ಎರಡು ದಿನ ನಕ್ಕಿತು, ಮೂರನೆಯ ದಿನ ಸುಮ್ಮನಾಯಿತು. ಮೇಷ್ಟ್ರು ಮಾತ್ರ ನಗಲಿಲ್ಲ. ಹುಡುಗರು ನಾಲ್ಕು ಗೋಡೆಯ ನಡುವೆ ಕೂತು ಮಗ್ಗಿ ಒಪ್ಪಿಸಿದರೆ ಸಾಲದು, ಬಯಲಿನಲ್ಲಿ ಬಿಡಾರ ಹೂಡಬೇಕು, ಗುಡ್ಡ ಹತ್ತಬೇಕು, ತಮ್ಮ ಅಡುಗೆ ತಾವೇ ಮಾಡಿಕೊಳ್ಳಬೇಕು ಎಂದು ಹೆಡ್‌ಮಾಸ್ತರರನ್ನು ಒಪ್ಪಿಸಿದರು. ಚಳ್ಳಕೆರೆಯ ಶಾಲೆಯಿಂದಲೂ ಹತ್ತು ಹುಡುಗರು ಬರುವುದು, ನಾವು ಹತ್ತು ಜನ, ಜಟಿಂಗ ರಾಮೇಶ್ವರ ಗುಡ್ಡದ ಬುಡದಲ್ಲಿ ಐದು ದಿನ ಕ್ಯಾಂಪು ಎಂದು ತೀರ್ಮಾನವಾಯಿತು. ಕ್ಯಾಂಪು ಎಂಬ ಮಾತನ್ನು ನಾವು ಅಲ್ಲಿಯವರೆಗೆ ಪ್ಲೇಗು ಬಂದಾಗ ಊರ ಹೊರಗೆ ಹಾಕುವ ಗುಡಿಸಲುಗಳಿಗೆ ಮಾತ್ರ ಬಳಸುತ್ತಿದ್ದುದರಿಂದ ಹಲವರ ಮನೆಯಲ್ಲಿ ಗಾಬರಿಯಾಯಿತು. ಮೇಷ್ಟ್ರು ಮನೆಮನೆಗೆ ಹೋಗಿ ವಿವರಿಸಬೇಕಾಯಿತು.

ನಮ್ಮ ಮನೆಗೆ ಬಂದಾಗ ಅಪ್ಪ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದ. ಏಳಲಿಲ್ಲ.

"ಹಗ್ಗ ಹಿಡಿಯೋದು, ಕಲ್ಲು ಹತ್ತೋದು ಅಂತೀರಿ. ಇವನ ಕೈ ಹೋದ್ರೆ ಸೀರೆ ಯಾರು ನೇಯ್ತಾರ್ರಿ ಮೇಷ್ಟ್ರೇ?"

"ನಿಮ್ಮ ಮಗನಿಗೆ ಹಗ್ಗದ ಕೆಲಸ ಕೊಡೋದಿಲ್ಲ. ಬಾವುಟ ತೋರಿಸೋದು, ಲೆಕ್ಕ ಇಡೋದು, ಅಡುಗೆ ಸಾಮಾನು ನೋಡಿಕೊಳ್ಳೋದು. ಅಷ್ಟೇ."

"ಮಾತು ಕೊಡ್ತೀರಾ?"

"ಕೊಡ್ತೀನಿ."

ಅಪ್ಪ ನನ್ನ ಕಡೆ ತಿರುಗಿದ. "ಒರೇಯ್, ಹೋದಂಗೇ ವಾಪಸ್ ಬರಬೇಕು ಕೈ. ಅಕ್ಕನ ಸೀರೆ ಐತೆ, ನೆನಪಿರಲಿ." ಅಕ್ಕ ಒಳಗಿನಿಂದ ಹರಳೆಣ್ಣೆಯ ಸಣ್ಣ ಸೀಸೆ ತಂದು ನನ್ನ ಬಟ್ಟೆಯ ಗಂಟಿನಲ್ಲಿ ಇಟ್ಟಳು. ತಮ್ಮ ಮದುವೆಯ ಮಾತು ಬಂದಾಗ ಹೆಣ್ಣುಮಕ್ಕಳು ಬಾಯಿ ಬಿಡುವ ಕಾಲ ಅದಲ್ಲ.

ಬೆಳಗ್ಗೆ ಹೊರಟ ನಾವು ಊಟದ ಹೊತ್ತಿಗೆ ಗುಡ್ಡದ ಬುಡ ಸೇರಿದೆವು. ಎರಡು ಎತ್ತಿನ ಗಾಡಿಯ ತುಂಬ ಪಾತ್ರೆ, ರಾಗಿ ಹಿಟ್ಟು, ಬೆಲ್ಲ, ಕಡಲೆಕಾಯಿ. ಚಳ್ಳಕೆರೆಯ ಹುಡುಗರು ಆಗಲೇ ಬಂದಿದ್ದರು. ಅವರ ಗಾಡಿಯಲ್ಲಿ ಬರೀ ಕಂಬಳಿ. ಬಿದಿರಿನ ಗಳು ನೆಟ್ಟು ಕಂಬಳಿಗಳನ್ನು ಒಂದಕ್ಕೊಂದು ದಬ್ಬಳದಿಂದ ಹೊಲಿದು ಡೇರೆ ಮಾಡಿದೆವು. ಕಂಬಳಿಯ ಡೇರೆ ಗಾಳಿ ತಡೆಯುತ್ತದೆ, ನಿಜ. ಆದರೆ ಒಳಗೆ ಕೂತರೆ ಕುರಿಹಟ್ಟಿಯಲ್ಲಿ ಕೂತ ಹಾಗೆ ವಾಸನೆ. ನಮ್ಮೂರಿನ ಹುಡುಗರು ಮೂಗು ಮುಚ್ಚಿಕೊಂಡರು. ಚಳ್ಳಕೆರೆಯವರು ಅದನ್ನು ಅವಮಾನವೆಂದು ತಿಳಿದು, ನಿಮ್ಮ ಊರಿನ ರೇಷ್ಮೆ ಹುಳು ಬೇಯಿಸಿದ ವಾಸನೆ ನಮಗೆ ಗೊತ್ತಿಲ್ಲವೇ ಎಂದರು. ಹೀಗೆ ಸ್ನೇಹ ಶುರುವಾಯಿತು.

ಅವರ ಗುಂಪಿನ ಮುಂದಾಳು ಗಾಡಿಯ ಗಾಲಿಗೆ ಕಬ್ಬಿಣದ ಪಟ್ಟಿ ಕಟ್ಟುವ ಸಾಹೇಬರೊಬ್ಬರ ಮಗ. ನನ್ನದೇ ವಯಸ್ಸು, ಆದರೆ ತೋಳು ನನ್ನ ಎರಡರಷ್ಟಿತ್ತು. ಮನೆಯಲ್ಲಿ ಉರ್ದು, ಪೇಟೆಯಲ್ಲಿ ಕನ್ನಡ, ಸಿಟ್ಟು ಬಂದರೆ ಎರಡೂ. ಮೊದಲ ದಿನ ಕೈ ಕುಲುಕುವ ಹೊಸ ಪದ್ಧತಿಯನ್ನು ಮೇಷ್ಟ್ರು ಕಲಿಸುವಾಗ ಅವನು ನನ್ನ ಅಂಗೈ ಹಿಡಿದು ಹುಬ್ಬೇರಿಸಿದ.

"ಲೇ, ಇದೇನಲೇ ಕೈ? ಮದುವೆ ಹುಡುಗಿ ಕೈ ಇದ್ದಂಗೈತೆ!"

ಉಳಿದ ಹುಡುಗರೆಲ್ಲ ನಕ್ಕರು. ಅಂದಿನಿಂದ ನನಗೆ ಬೇಗಂ ಎಂದು ಹೆಸರಾಯಿತು. ನನಗೆ ಮೈ ಉರಿಯಿತು. ಸೀರೆಯ ವಿಷಯ ಹೇಳಿದರೆ ಇನ್ನೂ ನಗುತ್ತಾರೆಂದು ಬಾಯಿ ಮುಚ್ಚಿಕೊಂಡಿದ್ದೆ. ಮೇಷ್ಟ್ರು ನನ್ನನ್ನು ಹಗ್ಗದಿಂದ ದೂರವಿಟ್ಟಷ್ಟೂ ಆ ಹೆಸರು ಗಟ್ಟಿಯಾಗುತ್ತ ಹೋಯಿತು. ಉಳಿದವರು ಬಂಡೆ ಹತ್ತುವಾಗ ನಾನು ಕೆಳಗೆ ನಿಂತು ಕೆಂಪು ಬಾವುಟ ಆಡಿಸುತ್ತಿದ್ದೆ.

ಊಟದ ವ್ಯವಸ್ಥೆಯನ್ನು ಹೇಳದಿದ್ದರೆ ಆ ಕಾಲ ಅರ್ಥವಾಗುವುದಿಲ್ಲ. ಮೊದಲ ದಿನ ನಾಲ್ಕು ಒಲೆ ಹೂಡಿದ್ದೆವು, ಯಾರ ಅಡುಗೆಯನ್ನು ಯಾರು ಉಣ್ಣಬಾರದೋ ಅದರ ಪ್ರಕಾರ. ಗುಡ್ಡದ ಗಾಳಿ ಎಂಥದ್ದೆಂದರೆ ನಾಲ್ಕರಲ್ಲಿ ಮೂರು ಒಲೆ ಹತ್ತಿಕೊಳ್ಳಲೇ ಇಲ್ಲ. ಎರಡನೆಯ ದಿನ ಎರಡು ಒಲೆಯಾದವು. ಮೂರನೆಯ ದಿನ ಬಂಡೆಯ ಮರೆಯಲ್ಲಿ ಒಂದೇ ಒಲೆ, ಒಂದೇ ಹಂಡೆ, ಮುದ್ದೆ ಕಟ್ಟುತ್ತಿದ್ದವನು ಅದೇ ಗಾಲಿ ಸಾಹೇಬರ ಮಗ, ಏಕೆಂದರೆ ಅಷ್ಟು ಹಿಟ್ಟನ್ನು ತಿರುವುವ ತೋಳು ಇನ್ನೊಬ್ಬರಿಗೆ ಇರಲಿಲ್ಲ. ಮನೆಯಲ್ಲಿ ಹೇಳಬಾರದೆಂದು ಎಲ್ಲರೂ ಆಣೆ ಇಟ್ಟುಕೊಂಡೆವು. ಮೇಷ್ಟ್ರು ಆ ಹೊತ್ತಿನಲ್ಲಿ ಬೇರೆ ಕಡೆ ನೋಡುತ್ತಿದ್ದರು.

ಆ ಮೂರು ದಿನದಲ್ಲಿ ಕಲಿತದ್ದು ಬಹಳ. ನನ್ನಿವಾಳದ ಕಡೆಯಿಂದ ಬಂದಿದ್ದ ರೈತರ ಮನೆಯ ಇಬ್ಬರು ಹುಡುಗರು ಮಣ್ಣಿನಲ್ಲಿ ಹೆಜ್ಜೆ ನೋಡಿ ಇದು ನರಿ, ಇದು ಮೊಲ, ಇದು ಕಾಣೆಯಾದ ಕುರಿ ಎಂದು ಹೇಳುತ್ತಿದ್ದರು. ಮೇಷ್ಟ್ರು ಪುಸ್ತಕ ತೆಗೆದು ಹೆಜ್ಜೆಯ ಚಿತ್ರ ಹುಡುಕುವಷ್ಟರಲ್ಲಿ ಇವರು ಪ್ರಾಣಿ ಯಾವ ಕಡೆ ಹೋಯಿತೆಂದೂ ಹೇಳಿ ಮುಗಿಸುತ್ತಿದ್ದರು. ಬಿಸಿಲಿನ ನೆರಳು ನೋಡಿ ದಿಕ್ಕು ತಿಳಿಯುವುದು, ಗುಡ್ಡದ ಮೇಲಿನಿಂದ ಕೆಳಗಿನವರಿಗೆ ಬಾವುಟದಿಂದ ಅಕ್ಷರ ಹೇಳುವುದು, ಗಾಯಕ್ಕೆ ಪಟ್ಟಿ ಕಟ್ಟುವುದು ಎಲ್ಲ ಆಯಿತು. ಗುಡ್ಡ ಹತ್ತಿ ದೇವಸ್ಥಾನ ನೋಡಿ ಇಳಿಯುವಾಗ, ಬಳೆಗಾರರು ಕೂರುತ್ತಾರೆಂದು ಬಳೆಗಾರ ಗುಂಡು ಎಂದೇ ಹೆಸರಾದ ಬಂಡೆಯ ಮೇಲೆ ಮೇಷ್ಟ್ರು ಹಳೆಯ ಅಕ್ಷರ ತೋರಿಸಿದರು. ಅಶೋಕನೆಂಬ ರಾಜ ಬರೆಸಿದ್ದಂತೆ. ಏನು ಬರೆದಿದೆ ಎಂದು ಕೇಳಿದೆವು. ತಂದೆ ತಾಯಿಯ ಮಾತು ಕೇಳಬೇಕು, ನಿಜ ಹೇಳಬೇಕು ಎಂದಿದೆ ಎಂದರು ಮೇಷ್ಟ್ರು.

"ಇಷ್ಟೇನಾ ಸಾರ್? ಇದನ್ನ ನಮ್ಮಪ್ಪ ದಿನಾ ಹೇಳ್ತಾನೆ, ಅದೂ ಕಲ್ಲಿಲ್ದೆ," ಎಂದ ಚಳ್ಳಕೆರೆಯವನು; ನಮ್ಮ ಬಾಯಲ್ಲಿ ಆ ಗಾಲಿ ಸಾಹೇಬರ ಮಗನಿಗೆ ಅದೇ ಹೆಸರಾಗಿತ್ತು. ನಿಧಿ ಎಲ್ಲಿದೆ ಎಂದು ಬರೆದಿರುತ್ತದೆ ಎಂದುಕೊಂಡಿದ್ದ ನಮಗೆಲ್ಲ ನಿರಾಸೆಯಾಗಿತ್ತು.

ನಾಲ್ಕನೆಯ ದಿನ ಹಗ್ಗ ಹಿಡಿದು ಬಂಡೆ ಇಳಿಯುವ ಅಭ್ಯಾಸ. ಡೇರೆಯಿಂದ ಸ್ವಲ್ಪ ಮೇಲೆ ಒಂದು ಬೋಳು ಬಂಡೆ ಇತ್ತು, ಮೂರು ಆಳೆತ್ತರಕ್ಕೂ ಮಿಕ್ಕಿ. ಒಂದು ಕಡೆಯಿಂದ ನಡೆದುಕೊಂಡೇ ಹತ್ತಬಹುದು, ಇನ್ನೊಂದು ಕಡೆ ನೇರ ಇಳಿಜಾರು, ಕೆಳಗೆ ಮರಳು. ಮೇಲೆ ಬಂಡೆಯ ಹಿಂದೆ ಒಂದು ಗಟ್ಟಿ ಕಮರದ ಮರ. ಮರಕ್ಕೆ ಹಗ್ಗ ಬಿಗಿದು, ತುದಿಯನ್ನು ಇಳಿಬಿಟ್ಟು, ಅದನ್ನು ಹಿಡಿದುಕೊಂಡು ಒಬ್ಬೊಬ್ಬರಾಗಿ ಇಳಿಯಬೇಕು. ಮರದಿಂದ ಬಂಡೆಯ ಅಂಚಿಗೆ ದೂರ ಹೆಚ್ಚಾಗಿ ಮೇಷ್ಟ್ರ ಹಗ್ಗ ಸಾಲದಾಯಿತು. ಗಾಡಿಯಿಂದ ಇನ್ನೊಂದು ಹಗ್ಗ ತಂದು ಎರಡನ್ನೂ ಸೇರಿಸಬೇಕಾಯಿತು.

ಮೇಷ್ಟ್ರು ಬೆಂಗಳೂರಿನಲ್ಲಿ ಕಲಿತ ಗಂಟನ್ನು ತೋರಿಸಿದರು. ಹುಡುಗರು ಕಟ್ಟಿದರು. ಒಂದು ಹಗ್ಗ ದಪ್ಪ, ಒಂದು ಸಣ್ಣ. ಎಳೆದರೆ ಗಂಟು ಜಾರಿತು. ಮತ್ತೆ ಕಟ್ಟಿದರು, ಮತ್ತೆ ಜಾರಿತು. ಕೆಲಸವಿಲ್ಲದೆ ಬಾವುಟ ಹಿಡಿದು ನಿಂತಿದ್ದ ನನಗೆ ತಡೆಯಲಾಗಲಿಲ್ಲ. ಕಡಿದ ಎಳೆ ಸೇರಿಸುವುದು ನಮ್ಮ ಮನೆಯ ಉಸಿರಾಟ. ಎಂಟನೆಯ ವಯಸ್ಸಿನಿಂದ ದಿನಕ್ಕೆ ನೂರು ಗಂಟು ಹಾಕಿದ ಕೈ ನನ್ನದು.

"ಸಾರ್, ನಾನು ಕಟ್ತೀನಿ."

"ಬೇಗಂಗೆ ಬಿಡ್ರಲೇ ದಾರಿ," ಎಂದ ಚಳ್ಳಕೆರೆಯವನು.

ಕಣ್ಣುಮುಚ್ಚಿ ತೆಗೆಯುವಷ್ಟರಲ್ಲಿ ನೇಕಾರರ ಗಂಟು ಹಾಕಿ ಕೊಟ್ಟೆ. ಎರಡು ಕಡೆಯಿಂದ ನಾಲ್ಕು ನಾಲ್ಕು ಜನ ಜಗ್ಗಿದರು, ಅಲುಗಲಿಲ್ಲ. ಮೇಷ್ಟ್ರು ತಿರುಗಿಸಿ ತಿರುಗಿಸಿ ನೋಡಿ, ಭೇಷ್, ಇದು ಪುಸ್ತಕದಲ್ಲೂ ಇದೆ, ನನಗೇ ನೆನಪಿರಲಿಲ್ಲ ಎಂದರು. ಚಳ್ಳಕೆರೆಯವನು ಬಾಯಿ ತೆರೆದು ನೋಡುತ್ತಿದ್ದ. ನಾಲ್ಕು ದಿನದ ಉರಿ ಒಮ್ಮೆಗೇ ತಣ್ಣಗಾಯಿತು. ನನಗಾದ ಸಂತೋಷವನ್ನು ಮುಚ್ಚಿಡುವುದೇಕೆ, ಆ ದಿನ ಇಡೀ ಗುಡ್ಡವೇ ನನ್ನದೆನಿಸಿತು.

ಮೇಷ್ಟ್ರು ಹುಡುಗರನ್ನು ಸಾಲು ನಿಲ್ಲಿಸಲು ಹೋದರು. ನನ್ನ ಕೆಲಸ ಗಂಟಿನ ಪಕ್ಕ ಕೂತು ಅದರ ಮೇಲೆ ಕಣ್ಣಿಡುವುದು. ಕೂತವನು ಗಂಟನ್ನು ನೋಡಿದೆ. ಎರಡು ಕಡೆಯೂ ಒಂದೊಂದು ಗೇಣು ಬಾಲ ಹೊರಗೆ ಚಾಚಿಕೊಂಡಿತ್ತು. ಗಂಟಿಗೆ ಬಾಲ ಬಿಡುವುದೆಂದರೆ ನಮ್ಮ ಮನೆಯಲ್ಲಿ ಮಹಾ ಅಪರಾಧ. ಬಾಲ ಉಳಿದ ಗಂಟು, ಎಳೆಗಳನ್ನು ಬೇರ್ಪಡಿಸುವ ಹಣಿಗೆಯ ಹಲ್ಲಿನ ಸಂದಿಯಲ್ಲಿ ಸಿಕ್ಕಿ ಪಕ್ಕದ ಎಳೆಗಳನ್ನೂ ಕಡಿದುಹಾಕುತ್ತದೆ. ಬಾಲ ಬಿಟ್ಟಾಗಲೆಲ್ಲ ಅಪ್ಪ ಬೆರಳ ಗೆಣ್ಣಿಗೆ ಕಡ್ಡಿಯಿಂದ ಹೊಡೆಯುತ್ತಿದ್ದ. ಇಷ್ಟು ಜನರ ಮುಂದೆ ಮೆರೆಯಲು ನಿಂತ ನನ್ನ ಗಂಟು ಹೀಗೆ ಜುಟ್ಟು ಬಿಟ್ಟುಕೊಂಡು ಇರುವುದನ್ನು ನನಗೆ ಸಹಿಸಲಾಗಲಿಲ್ಲ. ತರಕಾರಿ ಹೆಚ್ಚುವ ಚಾಕು ನನ್ನ ಸೊಂಟದಲ್ಲೇ ಇತ್ತು. ಎರಡೂ ಬಾಲವನ್ನು ಬುಡಕ್ಕೆ ಸರಿಯಾಗಿ ಕೊಯ್ದು ಹಾಕಿದೆ. ಗಂಟು ಗುಂಡಗೆ ಅಚ್ಚುಕಟ್ಟಾಗಿ ಕಂಡಿತು. ಯಾರೂ ನೋಡಲಿಲ್ಲ, ನೋಡಿದ್ದರೂ ತಪ್ಪೆಂದು ಯಾರಿಗೂ ತಿಳಿಯುತ್ತಿರಲಿಲ್ಲ.

ಮೊದಲ ಇಬ್ಬರು ಸಣ್ಣ ಹುಡುಗರು ಇಳಿದರು. ಮೂರನೆಯವನು ಚಳ್ಳಕೆರೆಯವನು. ನನ್ನ ಪಕ್ಕದಲ್ಲಿ ಹಾದುಹೋಗುವಾಗ, "ನಿನ್ನ ಗಂಟು ನಂಬ್ಕೊಂಡು ಹೋಗ್ತೀನಿ ಕಣಲೇ," ಎಂದು ನಕ್ಕ. ಅವನ ಭಾರಕ್ಕೆ ಹಗ್ಗ ಬಿಗಿಯಾಯಿತು. ಅವನು ಕಾಲಿನಿಂದ ಬಂಡೆಯನ್ನು ಒದ್ದು ಒದ್ದು ಇಳಿಯುತ್ತಿದ್ದ, ಮೇಷ್ಟ್ರು ಹಾಗೆ ಒದೆಯಬೇಡ ಎಂದು ಕೂಗುತ್ತಿದ್ದರು. ಪ್ರತಿ ಒದೆತಕ್ಕೂ ಹಗ್ಗ ಸಡಿಲವಾಗಿ ಮತ್ತೆ ಬಿಗಿಯುತ್ತಿತ್ತು. ನನ್ನ ಕಣ್ಣೆದುರಿಗೇ ಗಂಟು ಒಂದು ಸಲ ಉಸಿರು ಬಿಟ್ಟಿತು. ಇನ್ನೊಂದು ಒದೆತಕ್ಕೆ ಅದು ಗಂಟಾಗಿರಲೇ ಇಲ್ಲ. ಹಿಡಿದುಕೊಳ್ಳಲು ಬಾಲವೇ ಇಲ್ಲದ ಹಗ್ಗ ಸುಮ್ಮನೆ ಬಿಚ್ಚಿಕೊಂಡಿತು.

ಹಗ್ಗದ ತುದಿ ಹೊರಟಾಗ ನಾನು ಹಿಡಿದುಕೊಂಡೆ. ಯೋಚಿಸಿ ಹಿಡಿದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಎಳೆ ಕಡಿದು ಹೋಗುವಾಗ ಹಿಡಿಯುವುದು ಅಭ್ಯಾಸ, ಹಿಡಿದೆ. ಅದು ನನ್ನ ಎರಡೂ ಅಂಗೈ ನಡುವೆ ಓಡಿತು. ಹಗ್ಗ ನನ್ನನ್ನು ಕೂತಲ್ಲಿಂದ ಬಂಡೆಯ ಅಂಚಿನ ಕಡೆಗೆ ಎಳೆದುಕೊಂಡು ಹೋಯಿತು. ಒಂದು ಬಿರುಕಿನಲ್ಲಿ ಕಾಲು ಸಿಕ್ಕಿತು. ಅಂಗೈ ಸುಟ್ಟ ವಾಸನೆ ನನ್ನ ಮೂಗಿಗೇ ಬಂತು. ಬಿಟ್ಟುಬಿಡಬೇಕೆಂದು ಅನಿಸಿತು, ಸೀರೆಯ ನೆನಪೂ ಬಂತು, ಎರಡೂ ನಿಜ. ಬಿಡಲಿಲ್ಲ. ಕೊನೆಗೆ ಹಗ್ಗ ಕೈತಪ್ಪಿ ಹೋಯಿತು. ಅಷ್ಟು ಹೊತ್ತಿಗೆ ಅವನು ನೆಲದಿಂದ ಒಂದು ಆಳೆತ್ತರದಲ್ಲಿದ್ದ. ಮರಳಿನ ಮೇಲೆ ಬಿದ್ದು ಪಾದ ಉಳುಕಿತು, ಮೊಣಕೈ ತರಚಿತು. ಅಷ್ಟೇ. ಮೇಲಿನಿಂದಲೇ ಬಿದ್ದಿದ್ದರೆ ಏನಾಗುತ್ತಿತ್ತೆಂದು ನಾನು ಇವತ್ತಿಗೂ ಯೋಚಿಸಲು ಹೋಗುವುದಿಲ್ಲ.

ನನ್ನ ಅಂಗೈಯ ತೊಗಲು ಎದ್ದುಹೋಗಿತ್ತು. ದೇವಸ್ಥಾನದ ಪೂಜಾರಿಗಳು ಲೋಳೆಸರ ಸೀಳಿ ತಂದು ತಿರುಳನ್ನು ಹಚ್ಚಿದರು. ಮೇಷ್ಟ್ರು ತಮ್ಮ ಹೊಸ ಅಂಗವಸ್ತ್ರವನ್ನು ಹರಿದು ಪಟ್ಟಿ ಕಟ್ಟಿದರು. ಹುಡುಗರೆಲ್ಲ ನನ್ನ ಸುತ್ತ ನಿಂತು, ಇವನಿಲ್ಲದಿದ್ದರೆ ಅವನು ಸತ್ತೇಹೋಗುತ್ತಿದ್ದ ಎಂದು ಹೊಗಳುತ್ತಿದ್ದರು. ಚಳ್ಳಕೆರೆಯವನು ಕುಂಟುತ್ತ ಬಂದು ನನ್ನ ಪಕ್ಕ ಕೂತ. ಅವನ ಕಣ್ಣಲ್ಲಿ ನೀರಿತ್ತು. "ಇನ್ಮೇಲೆ ಬೇಗಂ ಅನ್ನೋದಿಲ್ಲ ಕಣಲೇ, ಖುದಾ ಕಸಮ್," ಎಂದ. ನಾನು ಬಂಡೆಯ ಕಡೆ ಮುಖ ತಿರುಗಿಸಿಕೊಂಡೆ. ಹೊಗಳಿಕೆಯಷ್ಟು ಕಹಿಯಾದ ಇನ್ನೊಂದು ವಸ್ತುವನ್ನು ನಾನು ಅದಕ್ಕೆ ಮುಂಚೆ ಬಾಯಿಗೆ ಹಾಕಿಕೊಂಡಿರಲಿಲ್ಲ.

ಸಂಜೆ ಮೇಷ್ಟ್ರು ಹಗ್ಗದ ಎರಡೂ ತುದಿಗಳನ್ನು ತಂದು ನನ್ನ ಮುಂದೆ ಕೂತರು. "ಹಗ್ಗ ಹರಿದಿಲ್ಲ. ಚಾಕು ತಾಗಿದ ಹಾಗಿದೆಯಲ್ಲ?"

"ನಾನೇ ಸಾರ್. ಬಾಲ ಕೊಯ್ದೆ."

"ಯಾಕೋ?"

"ಬಾಲ ಬಿಡಬಾರ್ದು ಸಾರ್."

ಅವರಿಗೆ ಅರ್ಥವಾಗಲಿಲ್ಲ. ರೇಷ್ಮೆ, ಹಣಿಗೆ, ಅಪ್ಪನ ಕಡ್ಡಿ ಎಲ್ಲ ವಿವರಿಸಿದ ಮೇಲೆ ಹಗ್ಗದ ತುದಿಗಳನ್ನು ಕೆಳಗಿಟ್ಟರು. "ಹುಡುಗರನ್ನು ಬಿಡುವ ಮುಂಚೆ ಇನ್ನೊಂದು ಸಲ ನೋಡಬೇಕಾಗಿದ್ದವನು ನಾನು," ಎಂದರು. ಚಳ್ಳಕೆರೆಯವನನ್ನು ಕರೆದು ಅವನಿಗೂ ನನ್ನ ಬಾಯಿಂದಲೇ ಹೇಳಿಸಿದರು. ಅವನು ಕೇಳಿ, ಸ್ವಲ್ಪ ಯೋಚಿಸಿ, "ಬೀಳಿಸಿದ್ದೂ ನೀನೇ, ಹಿಡಿದಿದ್ದೂ ನೀನೇನಾ? ಹಂಗಾದ್ರೆ ಲೆಕ್ಕ ಚುಕ್ತಾ," ಎಂದು ಬೆನ್ನಿಗೆ ಗುದ್ದಿದ. ಅವನ ಮಟ್ಟಿಗೆ ಅದು ಅಲ್ಲಿಗೇ ಮುಗಿಯಿತು. ನನ್ನ ಮಟ್ಟಿಗೆ ಮನೆಗೆ ಹೋಗುವುದು ಬಾಕಿ ಇತ್ತು.

ಮರುದಿನ ಮಧ್ಯಾಹ್ನ ಗಾಡಿಯಲ್ಲಿ ಮನೆಗೆ ಬಂದಾಗ ಮೇಷ್ಟ್ರೂ ಜೊತೆಗೆ ಬಂದರು. ಅಪ್ಪ ಪಟ್ಟಿ ಕಟ್ಟಿದ ನನ್ನ ಎರಡೂ ಕೈಗಳನ್ನು ನೋಡಿದ. ಅವ್ವ ಬಾಗಿಲಲ್ಲೇ ಅಳಲು ಶುರುಮಾಡಿದಳು. ಮೇಷ್ಟ್ರು ಕೊಟ್ಟ ಮಾತನ್ನು ಉಳಿಸಿಕೊಳ್ಳಲಿಲ್ಲವೆಂದು ಕೈಮುಗಿದರು. ನಡೆದದ್ದನ್ನೆಲ್ಲ ನಾನೇ ಹೇಳಿದೆ. ಗಂಟಿನ ಮಾತು ಬಂದಾಗ ಅಪ್ಪ ಕೈ ಎತ್ತಿ ನಿಲ್ಲಿಸಿದ.

"ಬಾಲ ಎಷ್ಟು ಬಿಟ್ಟಿದ್ದೆ?"

"ಬಿಡಲಿಲ್ಲ."

ಅಪ್ಪ ಬೈಯುತ್ತಾನೆಂದು ಕಾದೆ. ಅವನು ಮಗ್ಗದ ಪಕ್ಕದ ಗೋಡೆಗೆ ಒರಗಿ ಕೂತು, "ಹೊಡೆದು ಹೊಡೆದು ಕಲಿಸಿದ್ದು ನಾನೇ ಅಲ್ವಾ," ಎಂದ. ಮೇಷ್ಟ್ರಿಗೆ ಮಜ್ಜಿಗೆ ಕೊಡಿಸಿದ. ಆಮೇಲೆ ಆ ವಿಷಯ ಎತ್ತಲೇ ಇಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಸಂಕ್ರಾಂತಿ ಕಳೆಯಿತು. ಗಾಯ ಮಾಯಿತು, ಆದರೆ ಹೊಸ ತೊಗಲು ಬರೆ ಬರೆಯಾಗಿ ಗಟ್ಟಿಯಾಗಿ ಬೆಳೆಯಿತು. ಎಷ್ಟು ಎಣ್ಣೆ ತಿಕ್ಕಿದರೂ ಮೆತ್ತಗಾಗಲಿಲ್ಲ. ಅಪ್ಪ ಮಗ್ಗಕ್ಕೆ ಅಕ್ಕನ ಸೀರೆಯ ಹಾಸು ಏರಿಸಿದ, ಮಾವಿನ ಚಿಗುರಿನ ಬಣ್ಣದ್ದು. ಒಂದು ಬೆಳಗ್ಗೆ ನನ್ನನ್ನು ಕರೆದು ಒಂದು ಎಳೆಯನ್ನು ನನ್ನ ಅಂಗೈ ಮೇಲಿಟ್ಟು ಮೆಲ್ಲಗೆ ಎಳೆದ. ಅದು ಬರೆಗೆ ಸಿಕ್ಕಿತು. ಬಿಡಿಸಿ ಮತ್ತೆ ಇಟ್ಟ, ಮತ್ತೆ ಸಿಕ್ಕಿತು. ಮೂರನೆಯ ಸಲ ಇಡಲಿಲ್ಲ. ನಾನು ಅಲ್ಲೇ ನಿಂತು ಅತ್ತೆ, ಹದಿಮೂರು ವರ್ಷದ ಗಂಡುಹುಡುಗ ಅಳಬಾರದೆಂದು ಗೊತ್ತಿದ್ದೂ ಅತ್ತೆ. ನನ್ನ ಕೈ ಮುಂದೆ ಯಾವತ್ತೂ ರೇಷ್ಮೆಗೆ ಒಗ್ಗಲಿಲ್ಲ. ಸೀಮೆಸುಣ್ಣಕ್ಕೆ ಒಗ್ಗಿತು, ಮೇಷ್ಟ್ರಾದೆ.

ಅಪ್ಪ ತಾನೇ ನೇಯಲು ಕೂತ. ಎರಡು ದಿನದಲ್ಲಿ ಒಂದು ಗೇಣು ನೇಯ್ದು, ಅಂಚಿನಲ್ಲಿ ನಾಲ್ಕು ಕಡೆ ಎಳೆ ತಪ್ಪಿಸಿದ. ತಪ್ಪಿದ್ದೂ ಅವನಿಗೆ ಕಾಣಲಿಲ್ಲ, ನಾನು ಹೇಳಬೇಕಾಯಿತು. ಮೂರನೆಯ ದಿನ ಬೇರೆಯವರ ಮಗ್ಗದಿಂದ ಸೀರೆ ತರೋಣವೇ ಎಂದು ಅವ್ವ ಕೇಳಿದಳು. ಅಪ್ಪ ಎದ್ದು ಹೊರಗೆ ಹೋದ. ಅವನ ಮುಖ ನೋಡಲು ನನಗೆ ಧೈರ್ಯವಿರಲಿಲ್ಲ.

ಅವನು ಅತ್ತ ಹೋದ ಮೇಲೆ ಅಕ್ಕ ಎದ್ದಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಮಗ್ಗದ ಕುಣಿಗೆ ಕಾಲು ಇಳಿಸಿದಳು. ನಮ್ಮ ಮನೆಯಲ್ಲಿ ಹೆಣ್ಣುಮಕ್ಕಳು ಮಗ್ಗಕ್ಕೆ ಕೂತದ್ದಿರಲಿಲ್ಲ. "ಲೇ ಹುಡುಗೀ, ಏನ್ಮಾಡ್ತೀಯಾ, ಅಪ್ಪ ಬಂದ್ರೆ?" ಎಂದಳು ಅವ್ವ. ಅಕ್ಕ ಅಪ್ಪ ನೇಯ್ದದ್ದನ್ನು ಮೊದಲ ಎಳೆಯವರೆಗೂ ಬಿಚ್ಚಿದಳು, ಕಡಿದ ಎಳೆಗಳನ್ನು ಗಂಟು ಹಾಕಿ ಹಲ್ಲಿನಿಂದ ಬಾಲ ಕಡಿದಳು. ಲಾಳಿ ಎಸೆದಳು. ನಾನು ಅವಳ ಪಕ್ಕದಲ್ಲೇ ನಿಂತಿದ್ದೆ. ಅವಳ ಹೊಡೆತ ನನ್ನದಕ್ಕಿಂತ ಸಮವಾಗಿತ್ತು. ಅದನ್ನು ಒಪ್ಪಿಕೊಳ್ಳಲು ನನಗೆ ಹಲವು ವರ್ಷ ಹಿಡಿಯಿತು, ಆದರೆ ತಿಳಿದದ್ದು ಆ ಕ್ಷಣದಲ್ಲೇ.

ಅಪ್ಪ ಹಿಂತಿರುಗಿದಾಗ ಸದ್ದು ಕೇಳಿ ಬಾಗಿಲಲ್ಲೇ ನಿಂತ. ನಾನು ಕೂತಿದ್ದೇನೆಂದುಕೊಂಡನೋ ಏನೋ, ಹತ್ತಿರ ಬಂದು ಬಗ್ಗಿ ನೋಡಿದ. ಅಕ್ಕ ನಿಲ್ಲಿಸಲಿಲ್ಲ. ಅವಳು ನೇಯ್ದ ಬಟ್ಟೆಯ ಮೇಲೆ ಅವನು ಕೈಯಾಡಿಸಿದ, ಅಂಚನ್ನು ಬೆರಳ ತುದಿಯಿಂದ ತಡವಿದ, ಮತ್ತೆ ತಡವಿದ.

"ಇದನ್ನ ಯಾವಾಗ ಕಲಿತೆಯೇ?"

"ನೀನು ಇವನಿಗೆ ಕಲಿಸ್ತಿದ್ದೆಯಲ್ಲಪ್ಪಾ, ಆವಾಗ."

ಹದಿನಾಲ್ಕು ದಿನಕ್ಕೆ ಸೀರೆ ಮುಗಿಯಿತು. ಊರಿನವರು ಕೇಳಿದರೆ ತಮ್ಮ ನೇಯ್ದದ್ದೆಂದು ಹೇಳಬೇಕೆಂದು ಅವ್ವ ಎಲ್ಲರಿಗೂ ತಾಕೀತು ಮಾಡಿದಳು. ನಾನೂ ಹಾಗೆಯೇ ಹೇಳಿದೆ. ಮದುವೆಗೆ ಬಂದವರು ನನ್ನ ಬೆನ್ನು ತಟ್ಟಿದರು. ಅಕ್ಕ ಹೋದ ಮನೆಯಲ್ಲಿ ನಾಲ್ಕು ಮಗ್ಗಗಳಿದ್ದವು. ಹೆಣ್ಣುಮಕ್ಕಳನ್ನು ಕೂರಿಸುವ ಪದ್ಧತಿ ಅಲ್ಲಿಯೂ ಇರಲಿಲ್ಲ. ಅವಳು ಅರವತ್ತು ವರ್ಷ ಬದುಕಿದಳು, ನೇಯ್ದದ್ದು ಅದೊಂದೇ ಸೀರೆ.